ಹನ್ನೆರಡು ಗುರುತಿನ ಕೊಪ್ಪರಿಗೆ

ವೆರೋನಾ ತಿರ್ಪಾಕೋವಾಳ ಮನೆಯಲ್ಲಿ ಹಾಸಿಗೆ ತಣ್ಣಗಾದದ್ದನ್ನು ಯಾರೂ ಕಂಡವರಿಲ್ಲ. ಬೆಳಿಗ್ಗೆ ಆರಕ್ಕೆ ಉಕ್ಕಿನ ಕಾರ್ಖಾನೆ ಕೂಗಿತೆಂದರೆ ಹಗಲುಪಾಳಿಯ ಆರು ಜನ ಎದ್ದು ಹೋಗುತ್ತಿದ್ದರು. ರಾತ್ರಿಪಾಳಿ ಮುಗಿಸಿ ಬಂದ ಆರು ಜನ ಅದೇ ಕಂಬಳಿಯೊಳಗೆ, ಇನ್ನೊಬ್ಬನ ಮೈ ಕೊರೆದ ಅದೇ ಗುಳಿಯಲ್ಲಿ ಬಿದ್ದು ಗೊರಕೆ ಹೊಡೆಯುತ್ತಿದ್ದರು. ಸಂಜೆ ಆರಕ್ಕೆ ಇದೇ ಆಟ ತಿರುಗುಮುರುಗು. ಕ್ರೇಗ್‌ಟನ್ನಿನ ಕೆಂಪು ಸಾಲಿನಲ್ಲಿ ಇದನ್ನು ಯಾರೂ ವಿಚಿತ್ರವೆಂದು ತಿಳಿದಿರಲಿಲ್ಲ. ಅಮೇರಿಕದ ಮೊನಂಗಹೀಲಾ ನದಿಯ ದಂಡೆಗೆ ಕಂಪನಿ ಕಟ್ಟಿಸಿದ್ದ ಆ ಇಪ್ಪತ್ತು ಮನೆಗಳಲ್ಲಿ ಎಲ್ಲ ಗಂಡಸರೂ ಹಾಸಿಗೆಯನ್ನು ಪಾಳಿಯ ಮೇಲೆಯೇ ಬಳಸುತ್ತಿದ್ದರು.

ವೆರೋನಾ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ಲೊವಾಕ್ ಬೆಟ್ಟಸೀಮೆಯ ಶಾರಿಶ್‌ನಿಂದ, ಹೆಬ್ಬಾತಿನ ಪುಕ್ಕ ತುಂಬಿದ ಒಂದು ರಜಾಯಿ ಹೊತ್ತು ಹಡಗು ಹತ್ತಿದವಳು. ಮಾತೂಶ್ ತಿರ್ಪಾಕ್ ಪಕ್ಕದ ಹಳ್ಳಿಯವನು. ಅವನೇ ಹಡಗಿನ ಟಿಕೆಟ್ಟು ಕಳಿಸಿದ್ದ. ಅವಳು ಅವನ ಮುಖವನ್ನು ಸರಿಯಾಗಿ ನೋಡಿದ್ದು ಪಾದ್ರಿಯ ಎದುರಿನಲ್ಲೇ. ಮದುವೆಯಾದ ಮೂರನೆಯ ದಿನ ಮಾತೂಶ್ ಮರದ ಪೆಟ್ಟಿಗೆಗಳನ್ನು ಹೊತ್ತ ಆರು ಗಂಡಸರನ್ನು ಮನೆಗೆ ಕರೆತಂದ.

"ಇವರೆಲ್ಲ ನಿಮ್ಮ ತಮ್ಮಂದಿರೇನ್ರೀ?" ಎಂದು ಕೇಳಿದಳು ವೆರೋನಾ.

"ಅಲ್ಲ ಕಣೆ. ಇವರು ನಮ್ಮನೆ ಬಾಡಿಗೆ," ಎಂದ ಮಾತೂಶ್.

ಅಂದಿನಿಂದ ಅವಳು ಯಜಮಾನಮ್ಮ. ಗಂಡಸರ ಅಂಗಿ ಒಗೆಯುವುದು, ಬುತ್ತಿ ಕಟ್ಟುವುದು, ಕುಡಿದು ಬಂದವರನ್ನು ಬಾಗಿಲಲ್ಲೇ ತಡೆದು ಬೂಟು ಬಿಚ್ಚಿಸುವುದು ಎಲ್ಲ ಅವಳದೇ. ಆರು ಜನ ಹನ್ನೆರಡಾದರು. ಅವಳಿಗೆ ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿರಲಿಲ್ಲ. ಆ ಸಾಲಿನ ಹೆಂಗಸರಲ್ಲಿ ಇದು ದೋಷವೆಂದು ಯಾರೂ ಎಣಿಸುತ್ತಿರಲಿಲ್ಲ. ಹನ್ನೆರಡು ಗಂಡಸರ ನಡುವೆ ಮೆತ್ತಗಿದ್ದು ಯಾರಿಗೂ ಒಳ್ಳೆಯದಾದ ಉದಾಹರಣೆ ಇರಲಿಲ್ಲ.

ಆ ಸಾಲಿನ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಹಾಸಿಗೆ, ಒಗೆತ, ಬೇಯಿಸುವ ಕೆಲಸ, ಎಲೆಕೋಸು, ಆಲೂಗಡ್ಡೆ ಇಷ್ಟು ಯಜಮಾನಮ್ಮನದು. ಮಾಂಸ ಮಾತ್ರ ಅವರವರದು. ಪ್ರತಿಯೊಬ್ಬನೂ ಕಸಾಯಿಯ ಅಂಗಡಿಯಿಂದ ತನಗೆ ಬೇಕಾದ ತುಂಡನ್ನು ತಾನೇ ಆರಿಸಿ ತರುತ್ತಿದ್ದ. ಒಲೆ ಒಂದೇ, ಕೊಪ್ಪರಿಗೆ ಒಂದೇ. ಆದ್ದರಿಂದ ಪ್ರತಿ ತುಂಡಿಗೂ ಒಂದು ಗುರುತು ಕಟ್ಟಿ ಎಲ್ಲವನ್ನೂ ಒಟ್ಟಿಗೇ ಬೇಯಿಸುವುದು. ಇಮ್ರಿಖನದು ಪ್ಯಾಂಟಿನ ಹಿತ್ತಾಳೆ ಗುಂಡಿ. ಗಾಶ್ಪಾರನದು ನೀಲಿ ದಾರ. ಒಬ್ಬನದು ಕುದುರೆ ಲಾಳದ ಮೊಳೆ, ಇನ್ನೊಬ್ಬನದು ಕೆಂಪು ಬಟ್ಟೆಯ ಚಿಂದಿ. ಊಟದ ಹೊತ್ತಿಗೆ ವೆರೋನಾ ಕೊಕ್ಕೆ ಹಾಕಿ ಒಂದೊಂದನ್ನೇ ಎತ್ತಿ, "ಗುಂಡಿ! ಮೊಳೆ! ನೀಲಿ!" ಎಂದು ಕೂಗುತ್ತಿದ್ದಳು. ಹೆಸರು ಹಿಡಿದು ಕರೆಯುವ ಗೋಜಿಲ್ಲ.

ಇದರಲ್ಲಿ ತಮಾಷೆ ಏನೂ ಇರಲಿಲ್ಲ. ಕುಲುಮೆಯ ಮುಂದೆ ಹನ್ನೆರಡು ತಾಸು ಬೆಂದು ಬಂದವನಿಗೆ ಈ ದೇಶದಲ್ಲಿ ತನ್ನದೆನ್ನಲು ಇದ್ದದ್ದು ಆ ಒಂದು ತುಂಡು ಮಾತ್ರ. ಹಾಸಿಗೆಯಲ್ಲಿ ಇನ್ನೊಬ್ಬನಿಗೆ ಅರ್ಧ ಹಕ್ಕಿತ್ತು, ಮೈಮೇಲೆ ಕಂಪನಿಗೆ ಪೂರ್ತಿ ಹಕ್ಕಿತ್ತು. ಹಿಂದಿನ ವರ್ಷ ಒಂದು ಪಕ್ಕೆಲುಬು ಅದಲುಬದಲಾಗಿ, ಪಕ್ಕದ ಮನೆ ಕರೋಲಿನಾಳ ಊಟದ ಬೆಂಚು ಎರಡು ತುಂಡಾಗಿತ್ತು. ಒಬ್ಬನ ಮೂಗು ಈಗಲೂ ಸೊಟ್ಟಗಿತ್ತು.

ಇಮ್ರಿಖ್ ಶೋಕಿಲಾಲ. ಮೀಸೆಗೆ ಎಣ್ಣೆ, ಭಾನುವಾರ ಗಟ್ಟಿ ಟೋಪಿ, ದಿನವೂ ಅಂಗಡಿಯ ಅತ್ಯುತ್ತಮ ತೊಡೆಮಾಂಸ. ಐರಿಶ್ ಮೇಸ್ತ್ರಿಯ ಬೈಗುಳಗಳಿಂದ ಇಂಗ್ಲಿಷನ್ನೂ ಕಲಿತಿದ್ದ. ಗಾಶ್ಪಾರ್ ಎಲ್ಲರಿಗಿಂತ ಹಿರಿಯ. ಊರಲ್ಲಿ ಐದು ಹೆಣ್ಣುಮಕ್ಕಳು. ಅವನ ನೀಲಿ ದಾರಕ್ಕೆ ಯಾವಾಗಲೂ ಒಂದು ಮೂಳೆಯೇ ನೇತಾಡುತ್ತಿತ್ತು.

"ಗಾಶ್ಪಾರ್ ಮಾವ, ಇವತ್ತು ದಾರಾನೇ ಹೆಚ್ಚು ತೂಗುತ್ತಲ್ಲ!" ಎನ್ನುತ್ತಿದ್ದ ಇಮ್ರಿಖ್.

"ಮೂಳೇಲಿ ರುಚಿ ಇರೋದು ಕಣಪ್ಪ. ನಿನಗೇನು ಗೊತ್ತು," ಎಂದು ಗಾಶ್ಪಾರ್ ಚೀಪುತ್ತಿದ್ದ.

ಎಲ್ಲ ನೆಟ್ಟಗೇ ನಡೆಯುತ್ತಿತ್ತು. ಆದರೆ ಆ ವರ್ಷದ ಬೇಸಿಗೆಯಲ್ಲಿ ಉಕ್ಕಿನ ಹಳಿಯೊಂದು ಜಾರಿ ಮಾತೂಶನ ಬಲಗೈಯ ಮೂರು ಬೆರಳು ತೆಗೆದುಕೊಂಡು ಹೋಯಿತು. ಕಂಪನಿ ಅವನನ್ನು ಗೇಟಿನ ಕಾವಲಿಗೆ ಹಾಕಿ ಸಂಬಳವನ್ನು ಅರ್ಧಕ್ಕಿಳಿಸಿತು. ಆ ಅರ್ಧದಲ್ಲಿ ಕಂಪನಿಯದೇ ಮನೆಯ ಬಾಡಿಗೆ ಹುಟ್ಟುವಂತಿರಲಿಲ್ಲ. ಆಮೇಲೆ ಸಂಸಾರ ನಿಂತದ್ದು ಆ ಹನ್ನೆರಡು ಜನರ ಮೇಲೆಯೇ.

ಚಳಿಗಾಲ ಬಂತು, ಜೊತೆಗೆ ಕಂಪನಿಯ ಹೊಸ ಅಪ್ಪಣೆಯೂ ಬಂತು. ಒಂಟಿ ಗಂಡಸರಿಗೆಂದು ಕಂಪನಿ ಇಟ್ಟಿಗೆಯ ದೊಡ್ಡ ವಸತಿಗೃಹ ಕಟ್ಟಿಸಿತ್ತು. ಅಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ. ಬಿಯರ್ ತರುವಂತಿಲ್ಲ, ಇಸ್ಪೀಟು ಆಡುವಂತಿಲ್ಲ. ಹಗಲುಪಾಳಿಯವರು ಮಲಗಿದ ಮೇಲೆ ಬಾಗಿಲಿಗೆ ಬೀಗ. ಕಂಪನಿ ಅವರ ದಿನದ ಅರ್ಧವನ್ನು ಆಗಲೇ ಕೊಂಡಿತ್ತು. ಉಳಿದ ಅರ್ಧಕ್ಕೂ ಬೀಗದ ಕೈ ಕೇಳುತ್ತಿತ್ತು. ಆದರೆ ಅಷ್ಟೂ ಗಂಡಸರು ಆ ಕಟ್ಟಡದಲ್ಲಿ ಹಿಡಿಸುವಂತಿರಲಿಲ್ಲ. ಹಾಗಾಗಿ ಕೆಂಪು ಸಾಲಿನ ಇಪ್ಪತ್ತು ಮನೆಗಳಲ್ಲಿ ನಾಲ್ಕಕ್ಕೆ ಮಾತ್ರ, ಶುಚಿಯೂ ಶಿಸ್ತೂ ಇರುವ ನಾಲ್ಕಕ್ಕೆ, ಹೊರಗಿನವರನ್ನು ಇಟ್ಟುಕೊಳ್ಳಲು ಪರವಾನಗಿ ಎಂದು ಸೂಪರಿಂಟೆಂಡೆಂಟ್ ರಿಜ್ವೇ ಸಾರಿಸಿದ. ಮೊದಲು ಅವನ ಹೆಂಡತಿ ಅಡುಗೆಮನೆ ನೋಡುವುದು, ಒಂದು ವಾರ ಕಳೆದು ಗುರುವಾರ ಸಂಜೆ ಇಬ್ಬರೂ ಬಂದು ತೀರ್ಮಾನಿಸುವುದು.

ಮಿಸೆಸ್ ರಿಜ್ವೇ ಕೆಟ್ಟ ಹೆಂಗಸಲ್ಲ. ಬೂದು ಬಣ್ಣದ ಕೈಗವಸು ತೊಟ್ಟು, ಛತ್ರಿ ಹಿಡಿದು, ನೆಲವನ್ನು ಮುಟ್ಟದೆ ನಡೆಯುವವಳ ಹಾಗೆ ಒಳಗೆ ಬಂದಳು. ಸುಣ್ಣ ಬಳಿದ ಗೋಡೆ ನೋಡಿ ತಲೆದೂಗಿದಳು. ಹೆಬ್ಬಾತಿನ ರಜಾಯಿ ಮುಟ್ಟಿ ಮುಗುಳ್ನಕ್ಕಳು. ಆಮೇಲೆ ಛತ್ರಿಯ ತುದಿಯಿಂದ ಕೊಪ್ಪರಿಗೆಯ ಮುಚ್ಚಳ ಎತ್ತಿದಳು. ಕುದಿಯುವ ನೀರಿನಲ್ಲಿ ಮೊಳೆ, ಚಿಂದಿ, ದಾರ, ಪ್ಯಾಂಟಿನ ಗುಂಡಿ ಮೇಲೆ ಕೆಳಗೆ ಕುಣಿಯುತ್ತಿದ್ದವು.

ಮುಚ್ಚಳ ಬಿದ್ದ ಸದ್ದು ಮೂರು ಮನೆಗೆ ಕೇಳಿಸಿತು. ಅವಳು ಹೇಳಿದ್ದರಲ್ಲಿ ವೆರೋನಾಗೆ ತಿಳಿದದ್ದು ‘ಡರ್ಟಿ’ ಎನ್ನುವ ಒಂದೇ ಮಾತು. ಆ ಮಾತು ಕೆಂಪು ಸಾಲಿನವರೆಲ್ಲರಿಗೂ ಗೊತ್ತಿತ್ತು. ಹಡಗು ಇಳಿದ ದಿನದಿಂದ ಅದನ್ನು ಕೇಳಿಸಿಕೊಂಡೇ ಅವರು ಬಂದಿದ್ದರು.

ಬೇಲಿಯಾಚೆಯಿಂದ ಕರೋಲಿನಾ ಕೂಗಿದಳು: "ಏನೇ ವೆರೋನಾ, ದೊರೆಸಾನಿ ಮುಖ ಯಾಕೆ ಹಂಗೆ ಸುಟ್ಟ ಬದನೆಕಾಯಿ ಆಗಿತ್ತು?"

"ನಿನ್ನ ಮನೆಗೂ ಬರ್ತಾಳೆ, ನೀನೇ ಕೇಳ್ಕೊ."

"ಬಂದೋಗಾಯ್ತು. ನಾನು ಕೊಪ್ಪರಿಗೆ ಇಳಿಸಿ ಮಂಚದ ಕೆಳಗೆ ತಳ್ಳಿದ್ದೆ ಕಣೆ. ನಿನಗೆ ಪರವಾನಗಿ ಸಿಗಲಿಲ್ಲ ಅಂದ್ರೆ ಯೋಚ್ನೆ ಮಾಡ್ಬೇಡ, ನಿಮ್ಮ ಇಮ್ರಿಖನ್ನ ನಾನೇ ಇಟ್ಕೋತೀನಿ. ಅವನಿಗೆ ಹೇಳಿದ್ದೀನಿ ಆಗ್ಲೇ."

"ನಿನ್ನ ಮುರಿದ ಬೆಂಚಿನ ಮೇಲೆ ಕೂರಿಸ್ತೀಯೇನೆ? ಹೋಗೇ, ಕೆಲಸ ನೋಡು," ಎಂದು ವೆರೋನಾ ಬಾಗಿಲು ಹಾಕಿಕೊಂಡಳು. ಆದರೆ ಆ ರಾತ್ರಿ ಗಂಡನಿಗೆ ಹೇಳಿದಳು: "ಗುರುವಾರ ಕೊಪ್ಪರಿಗೇಲಿ ಒಂದೆಳೆ ದಾರ ಇರಕೂಡದು."

"ಮತ್ತೆ ಯಾರದು ಯಾವ್ದು ಅಂತ ಹೆಂಗೆ ಹೇಳ್ತೀಯೆ?"

"ಗಡಿಯಾರದ ಅಂಕಿಗಳ ಹಂಗೆ ಸುತ್ತ ಜೋಡಿಸಿಡ್ತೀನಿ. ಬಾಗಿಲ ಕಡೆ ಇಮ್ರಿಖಂದು, ಕಿಟಕಿ ಕಡೆ ಗಾಶ್ಪಾರಂದು. ಸಣ್ಣ ಉರೀಲಿ ಬೇಯಿಸ್ತೀನಿ, ಅಲ್ಲಾಡಲ್ಲ. ಅವರು ಹೋದ್ಮೇಲೆ ಮತ್ತೆ ಕಟ್ಟಿದ್ರಾಯ್ತು."

ಉಪಾಯ ಕೆಟ್ಟದ್ದೇನಲ್ಲ. ಗುರುವಾರ ಬೆಳಿಗ್ಗೆ ಅವಳು ಹನ್ನೆರಡು ಗುರುತುಗಳನ್ನೂ ಬಿಚ್ಚಿ, ತೊಳೆದು, ಮೇರಿಮಾತೆಯ ಪಟದ ಕೆಳಗಿನ ಕಿಟಕಿ ಹಲಗೆಯ ಮೇಲೆ ಬಿಳಿಬಟ್ಟೆ ಹಾಸಿ, ಕೊಪ್ಪರಿಗೆಯಲ್ಲಿದ್ದ ಸಾಲಿನಲ್ಲೇ ಜೋಡಿಸಿಟ್ಟಳು. ಮಧ್ಯಾಹ್ನವೆಲ್ಲ ಒಲೆಯ ಮುಂದೆಯೇ ಕುಳಿತು, ತಾಯಿಕೋಳಿಯಂತೆ ಕೊಪ್ಪರಿಗೆಯನ್ನು ಕಾದಳು. ಐದು ಗಂಟೆಯ ಹೊತ್ತಿಗೆ ನೀರು ತರಲು ನಲ್ಲಿಗೆ ಹೋದಳು. ಇಡೀ ಸಾಲಿಗೆ ಇದ್ದದ್ದು ಒಂದೇ ನಲ್ಲಿ, ಅಲ್ಲಿ ಕರೋಲಿನಾ ಇದ್ದಳು. ಆದ್ದರಿಂದ ಸ್ವಲ್ಪ ತಡವಾಯಿತು.

ತಿರುಗಿ ಬಂದಾಗ ಮಾತೂಶ್ ಒಲೆಯ ಮುಂದೆ ನಿಂತಿದ್ದ. ಉಳಿದ ಎರಡು ಬೆರಳಲ್ಲಿ ಉದ್ದನೆಯ ಸೌಟು ಹಿಡಿದು, ಕೊಪ್ಪರಿಗೆಯನ್ನು ತಳದಿಂದ ಮೇಲಕ್ಕೆ, ಸುತ್ತಲೂ, ಮನಸ್ಸಿಟ್ಟು ಕಲಕುತ್ತಿದ್ದ.

"ತಳ ಹಿಡೀತಿತ್ತು ಕಣೆ," ಎಂದ, ಮೆಚ್ಚುಗೆ ನಿರೀಕ್ಷಿಸುವವನಂತೆ. "ಉರೀನೂ ಸ್ವಲ್ಪ ಜೋರು ಮಾಡ್ದೆ."

ವೆರೋನಾ ಕೊಡ ಇಳಿಸಿ ಒಳಗೆ ಇಣುಕಿದಳು. ಹನ್ನೆರಡು ತುಂಡುಗಳೂ ಒಂದೇ ಬಣ್ಣಕ್ಕೆ ತಿರುಗಿ, ಕುಗ್ಗಿ, ಒಂದರ ಮೇಲೊಂದು ಮಗುಚಿಕೊಂಡಿದ್ದವು. ಗಾಶ್ಪಾರನ ಮೂಳೆಯೊಂದನ್ನು ಬಿಟ್ಟರೆ ಯಾವುದು ಯಾರದೆಂದು ಕಸಾಯಿಯೂ ಹೇಳಲಾರ, ಸತ್ತ ದನವೂ ಹೇಳಲಾರದು.

"ಏನ್ ಮಾಡಿದ್ರಿ ನೀವು! ಆ ಹಳಿ ಬೆರಳಿನ ಜೊತೆ ಬುದ್ಧೀನೂ ತಗೊಂಡು ಹೋಯ್ತಾ?"

"ಸಹಾಯ ಮಾಡೋಣ ಅಂತ..."

"ಸಹಾಯ ಮಾಡ್ಬೇಕು ಅಂದ್ರೆ ಬಾಗಿಲಲ್ಲಿ ನಿಂತ್ಕೊಳ್ಳಿ. ಯಾರಾದ್ರೂ ಕೂಗಾಡಿದ್ರೆ ಅವರ ಬಾಯಿ ಮುಚ್ಚಿಸಿ."

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಆರಕ್ಕೆ ಪಾಳಿ ಬದಲಾಗುವ ಆ ಸ್ವಲ್ಪ ಹೊತ್ತು ಎರಡೂ ಪಾಳಿಯವರು ಮನೆಯಲ್ಲಿರುತ್ತಾರೆ. ಹೋಗುವವರು ಉಂಡು ಹೋಗುತ್ತಾರೆ, ಬಂದವರು ಉಂಡು ಮಲಗುತ್ತಾರೆ. ಆ ಹೊತ್ತಿಗೇ ರಿಜ್ವೇ ದಂಪತಿಗಳೂ ಬರುತ್ತಾರೆ. ಹನ್ನೆರಡು ಗಂಡಸರು ಹನ್ನೆರಡು ತುಂಡಿಗೆ ಕಚ್ಚಾಡುವುದನ್ನು ಅವರು ನೋಡಿದರೆ ಮುಗಿಯಿತು, ನಾಳೆಯೇ ಗಾಡಿ ಬಂದು ಪೆಟ್ಟಿಗೆಗಳು ವಸತಿಗೃಹಕ್ಕೆ ಹೋಗುತ್ತವೆ. ಆಮೇಲೆ ಕಾವಲುಗಾರನ ಅರ್ಧ ಸಂಬಳ, ಖಾಲಿ ಹಾಸಿಗೆಗಳು, ತಿಂಗಳ ಕೊನೆಗೆ ಬೀದಿ.

ವೆರೋನಾ ಎಲ್ಲ ಮಾಂಸವನ್ನೂ ಹಲಗೆಯ ಮೇಲೆ ಎತ್ತಿ ಹಾಕಿದಳು. ದೊಡ್ಡ ಕತ್ತಿ ತೆಗೆದುಕೊಂಡು ಕೊಚ್ಚಿದಳು. ಒಳ್ಳೆಯದು, ಕೆಟ್ಟದು, ಕೊಬ್ಬು, ನಾರು ಎಂದು ನೋಡದೆ ಎಲ್ಲವನ್ನೂ ಹೆಬ್ಬೆರಳ ಗಾತ್ರಕ್ಕೆ ಇಳಿಸಿದಳು. ಮೂಳೆಯನ್ನು ಒಲೆಯ ಹಿಂದೆ ಎಸೆದಳು. ಈರುಳ್ಳಿ ಹುರಿದು, ಕೆಂಪು ಮೆಣಸಿನ ಪುಡಿಯನ್ನು ಕೈತುಂಬ ಸುರಿದು, ಆಲೂಗಡ್ಡೆ ಸೇರಿಸಿ ಗೂಲಾಶ್ ಮಾಡಿಬಿಟ್ಟಳು. ಯಾರದೂ ಅಲ್ಲದ ಅಡುಗೆ, ಅಂಥದು ಆ ಒಲೆಯ ಮೇಲೆ ಅದೇ ಮೊದಲು.

ಗಂಡಸರು ಬಂದು ಕುಳಿತರು. ತಟ್ಟೆಗಳು ಬಂದವು. ಇಮ್ರಿಖ್ ಚಮಚದಿಂದ ಕೆದಕಿ ನೋಡಿದ.

"ಯಜಮಾನಮ್ಮ, ನನ್ನ ತುಂಡೆಲ್ಲಿ?"

"ತಟ್ಟೇಲಿದೆ."

"ಇದು ನನ್ನದಲ್ಲ."

"ಅದು ನಿಂದೇ. ಪಕ್ಕದವನ ತಟ್ಟೇಲೂ ನಿಂದಿದೆ. ನಿನ್ನ ತಟ್ಟೇಲಿ ಅವನದಿದೆ. ಉಣ್ಣು."

ಲಾಳದ ಮೊಳೆಯವನು ಎದ್ದು ನಿಂತ. "ನಾನು ಪಕ್ಕೆ ತಂದಿದ್ದೆ. ಪಕ್ಕೆ ಅಂದ್ರೆ ಪಕ್ಕೆ. ಇದೇನಿದು, ನಾಯಿ ಊಟ?"

"ಕೂತ್ಕೊಳ್ಳೋ!" ವೆರೋನಾ ಸೌಟು ಎತ್ತಿದಳು. "ಕೇಳ್ರಯ್ಯಾ ಎಲ್ಲರೂ. ತಪ್ಪು ನನ್ನದು, ದಾರ ಬಿಚ್ಚಿದ್ದು ನಾನೇ. ದೊರೆ ಇನ್ನೇನು ಬಾಗಿಲಿಗೆ ಬರ್ತಾನೆ. ಯಾರಾದ್ರೂ ಬಾಯಿ ಬಿಟ್ರೆ ನಾಳೆಯಿಂದ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗ್ತೀರ. ಬಿಯರ್ ಇಲ್ಲ. ಇಸ್ಪೀಟಿಲ್ಲ. ಈಗ ಉಂಡು ಆಮೇಲೆ ನನ್ನ ಬಯ್ಯಿರಿ, ಭಾನುವಾರದ ತನಕ ಬಯ್ಯಿರಿ, ಕೇಳಿಸ್ಕೋತೀನಿ."

ಮೊಳೆಯವನು ಗೊಣಗುತ್ತ ಕುಳಿತ. ಆಗಲೇ ಬಾಗಿಲು ತಟ್ಟಿದ ಸದ್ದಾಯಿತು.

ರಿಜ್ವೇ ಎತ್ತರದ, ಕೆಂಪು ಕತ್ತಿನ ಮನುಷ್ಯ. ಆ ಸಂಜೆ ಅಷ್ಟರಲ್ಲಿ ಒಂಬತ್ತು ಮನೆ ನೋಡಿ ಬಂದಿದ್ದ. ಒಂಬತ್ತರಲ್ಲೂ ಗದ್ದಲ, ನಗು, ಜಗಳ, ಬೆಂಚು ಎಳೆಯುವ ಸದ್ದು. ಇಲ್ಲಿ ಹನ್ನೆರಡು ಗಂಡಸರು ತಲೆ ತಗ್ಗಿಸಿ, ಒಂದೇ ಬಗೆಯ ಊಟವನ್ನು, ಒಂದು ಮಾತೂ ಆಡದೆ ಉಣ್ಣುತ್ತಿದ್ದರು. ಸಿಟ್ಟಿನಿಂದ ಅವರ ದವಡೆ ಬಿಗಿದಿತ್ತು. ಅವನಿಗೆ ಅದು ಶಿಸ್ತಿನಂತೆ ಕಂಡಿತು. ಅವನು ಟೋಪಿ ತೆಗೆದ.

ಮಿಸೆಸ್ ರಿಜ್ವೇ ನೇರ ಕೊಪ್ಪರಿಗೆಯ ಬಳಿ ಹೋಗಿ ಮುಚ್ಚಳ ಎತ್ತಿದಳು. ದಾರವಿಲ್ಲ, ಗುಂಡಿಯಿಲ್ಲ. ಸಮಾಧಾನದಿಂದ ತಿರುಗಿದಳು. ತಿರುಗಿದಾಗ ಕಿಟಕಿಯ ಹಲಗೆ ಕಂಡಿತು. ಬಿಳಿಬಟ್ಟೆಯ ಮೇಲೆ, ಮೇರಿಮಾತೆಯ ಪಾದದ ಬುಡದಲ್ಲಿ, ನೀಲಿ ದಾರ, ಕೆಂಪು ಚಿಂದಿ, ಮೊಳೆ, ಹಿತ್ತಾಳೆ ಗುಂಡಿ ಎಲ್ಲ ಸಾಲಾಗಿದ್ದವು. ಅವಳು ಬೆರಳು ತೋರಿಸಿ ಏನೋ ಕೇಳಿದಳು.

ರಿಜ್ವೇ ಇಮ್ರಿಖನ ಕಡೆ ನೋಡಿದ. ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ ಎಂದು ಕಾರ್ಖಾನೆಗೆಲ್ಲ ಗೊತ್ತಿತ್ತು. ಇಮ್ರಿಖ್ ನಿಧಾನವಾಗಿ ಚಮಚ ಕೆಳಗಿಟ್ಟು ಮೀಸೆ ಒರೆಸಿಕೊಂಡ. ವೆರೋನಾ ಅವನನ್ನೇ ನೋಡಿದಳು. ಅವನ ಅಂದದ ತೊಡೆಮಾಂಸವನ್ನು ಕೊಚ್ಚಿ ಹಂಚಿದ್ದವಳು ಅವಳು. ಬೇಲಿಯಾಚೆ ಕರೋಲಿನಾಳ ಮನೆಯಲ್ಲಿ ಅವನಿಗೆ ಜಾಗ ಕಾದಿತ್ತು. ನಿಜ ಹೇಳಿದರೆ ಅವನಿಗೆ ನಷ್ಟವೇನೂ ಇರಲಿಲ್ಲ.

ಇಮ್ರಿಖ್ ಎದ್ದು, ಗಂಭೀರವಾಗಿ ಶಿಲುಬೆಯ ಗುರುತು ಮಾಡಿಕೊಂಡು, ಇಂಗ್ಲಿಷಿನಲ್ಲಿ ಸಣ್ಣ ಮಾತೊಂದು ಹೇಳಿದ. ಮಿಸೆಸ್ ರಿಜ್ವೇಯ ಕೈ ಥಟ್ಟನೆ ಎದೆಗೆ ಹೋಯಿತು. ದನಿ ತಗ್ಗಿಸಿ ಗಂಡನಿಗೆ ಏನೋ ಹೇಳಿದಳು.

"ಏನಂದೆಯೋ?" ಎಂದು ಕೇಳಿದಳು ವೆರೋನಾ, ತುಟಿ ಅಲ್ಲಾಡದಂತೆ.

"ನಮ್ಮ ಧರ್ಮ ಅಂದೆ. ಒಬ್ಬೊಬ್ಬನ ಹೆಸರಲ್ಲಿ ಒಂದೊಂದು ಹರಕೆ, ಯಜಮಾನಮ್ಮ ದಿನಾ ಪ್ರಾರ್ಥನೆ ಮಾಡ್ತಾಳೆ ಅಂದೆ." ಇಮ್ರಿಖ್ ಭಕ್ತಿಯ ಮುಖ ಹೊತ್ತು, ಕೈ ಜೋಡಿಸಿಕೊಂಡೇ ಮಾತಾಡುತ್ತಿದ್ದ. "ಈಗ ದೊರೆ ಕೇಳ್ತಾನೆ, ಊಟ ಹೆಂಗಿದೆ ಅಂತ. ಚೆನ್ನಾಗಿದೆ ಅಂತೀನಿ. ಆದ್ರೆ ಭಾನುವಾರ ನಂಗೆ ಹೆಬ್ಬಾತಿನ ತೊಡೆ."

"ಕಳ್ಳ ನನ್ಮಗನೆ, ಕತ್ತು ಕೊಡ್ತೀನಿ."

"ತೊಡೆ."

"ರೆಕ್ಕೆ."

"ತೊಡೆ, ಯಜಮಾನಮ್ಮ. ನೋಡು, ದೊರೆ ಕಾಯ್ತಿದಾನೆ."

"ತೊಡೆ. ಗಂಟಲಲ್ಲಿ ಸಿಕ್ಕಿಕೊಳ್ಳಲಿ," ಎಂದು ವೆರೋನಾ ಕಣ್ಣು ಕೆಳಗೆ ಮಾಡಿ ಕೈ ಮುಗಿದಳು.

ರಿಜ್ವೇ ದಂಪತಿಗಳು ತಲೆ ಬಾಗಿಸಿ ನಿಂತಿದ್ದರು. ಪ್ರಾರ್ಥನೆ ಮುಗಿಯಲೆಂದು ಕಾಯುತ್ತಿದ್ದರು.

ಬೆಂಚಿನ ಮೇಲೆ ನಗು ತಡೆಯಲಾರದೆ ಒಬ್ಬನ ಭುಜ ಕುಲುಕತೊಡಗಿತು, ಪಕ್ಕದವನ ಭುಜವೂ ಕುಲುಕಿತು. ಇನ್ನೊಂದು ಗಳಿಗೆಗೆ ಎಲ್ಲ ಕೆಡುತ್ತಿತ್ತು. ಅಷ್ಟರಲ್ಲಿ ಮೂಲೆಯಿಂದ ಗಾಶ್ಪಾರ್ ಎದ್ದ. ಅವನ ತಟ್ಟೆ ಒರೆಸಿಟ್ಟಷ್ಟು ಖಾಲಿಯಾಗಿತ್ತು. ಮೂಳೆ ಹಾಕಿ ಮಾಂಸ ತೆಗೆದವನು ಆ ಮೇಜಿನಲ್ಲಿ ಅವನೊಬ್ಬನೇ. ಏನು ನಡೆಯುತ್ತಿದೆಯೆಂದು ಅವನಿಗೆ ಪೂರ್ತಿ ತಿಳಿದಿರಲಿಲ್ಲ, ಉಂಡ ತೃಪ್ತಿಯೊಂದು ತಿಳಿದಿತ್ತು.

"ತಾಯೀ," ಎಂದ, "ಇನ್ನೊಂದು ಸೌಟು ಇದ್ರೆ ಹಾಕು. ಅಮೇರಿಕಕ್ಕೆ ಬಂದು ಆರು ವರ್ಷಕ್ಕೆ ಇವತ್ತು ಉಂಡೆ."

ಭುಜಗಳು ಕುಲುಕುವುದು ನಿಂತಿತು. ರಿಜ್ವೇ ಏನೆಂದು ಕೇಳಿದ. ಇಮ್ರಿಖ್ ಗಾಶ್ಪಾರನನ್ನು ಒಮ್ಮೆ ನೋಡಿ, ಈ ಸಲ ಏನನ್ನೂ ಸೇರಿಸದೆ, ಅವನಂದದ್ದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದ.

ಪರವಾನಗಿಯ ಚೀಟಿಯನ್ನು ಮರುದಿನವೇ ಬಾಗಿಲಿಗೆ ಅಂಟಿಸಿದರು. ಕರೋಲಿನಾಗೂ ಸಿಕ್ಕಿತು. ಇಬ್ಬರೂ ನಲ್ಲಿಯ ಹತ್ತಿರ ಒಬ್ಬರನ್ನೊಬ್ಬರು ಅಭಿನಂದಿಸಿಕೊಂಡ ರೀತಿ ಕೇಳಿದವರಿಗೆ ಜಗಳವೆಂದೇ ಅನ್ನಿಸಿತು.

ಶನಿವಾರ ಗಂಡಸರು ತಂದ ತುಂಡುಗಳಿಗೆ ಎರಡೆರಡು ಗಂಟು ಬಿದ್ದಿತ್ತು. ಲಾಳದ ಮೊಳೆಯವನು ಎರಡು ಮೊಳೆ ಹೊಡೆದಿದ್ದ. ಮಾತೂಶನಿಗೆ ಸೌಟು ಮುಟ್ಟದಂತೆ ಆಣೆ ಹಾಕಿಸಿದರು. ಭಾನುವಾರ ಇಮ್ರಿಖ್ ಹೆಬ್ಬಾತಿನ ತೊಡೆ ತಿಂದ. ಅದು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ.

ಗೂಲಾಶನ್ನು ವೆರೋನಾ ಮತ್ತೆ ಮಾಡಲಿಲ್ಲ. ಗಾಶ್ಪಾರ್ ಒಂದೆರಡು ಸಲ ಮೆಲ್ಲಗೆ ಕೇಳಿದ, ಉಳಿದವರು ಒಪ್ಪಲಿಲ್ಲ. ಅವರವರದು ಅವರವರಿಗೆ ಎಂಬುದನ್ನು ಬಿಟ್ಟುಕೊಡಲು ಅವರು ಸಮುದ್ರ ದಾಟಿ ಬಂದಿರಲಿಲ್ಲ. ಆದರೆ ಆಮೇಲಿನ ದಿನಗಳಲ್ಲಿ ನೀಲಿ ದಾರದ ಮೂಳೆಗೆ ಬೇಯುತ್ತ ಬೇಯುತ್ತ ಮಾಂಸ ಹತ್ತತೊಡಗಿತು. ತೊಡೆಮಾಂಸದ ಅಂಚು ಕುದಿಯಲ್ಲಿ ಕಳಚಿ ಅಂಟಿಕೊಳ್ಳುತ್ತದೆ ಎಂದಳು ವೆರೋನಾ. ಹಿತ್ತಾಳೆ ಗುಂಡಿಯವನು ತನ್ನ ತುಂಡನ್ನು ತಿರುಗಿಸಿ ನೋಡಿ, ಕತ್ತಿಯ ಗುರುತು ಕಂಡು, "ಕುದಿ ಬಹಳ ಹರಿತವಾಗಿದೆ ಯಜಮಾನಮ್ಮ" ಎಂದ. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ಅವಳು ಆ ಮನೆಯನ್ನು ಹದಿನಾರು ವರ್ಷ ನಡೆಸಿದಳು. ನಾಲ್ಕು ಮಕ್ಕಳನ್ನು ಹೆತ್ತಳು, ಒಂದನ್ನು ಕಳೆದುಕೊಂಡಳು. ಕೊನೆಗೆ ಗುಡ್ಡದ ಮೇಲೆ ಕಂಪನಿಯದಲ್ಲದ ಒಂದು ಮನೆ ಕೊಂಡಳು. ಇಂಗ್ಲಿಷನ್ನು ಕೊನೆಯವರೆಗೂ ಕಲಿಯಲಿಲ್ಲ. ಬೇಕಾದಷ್ಟು ಬೈಗುಳ ಮಾತ್ರ ಕಲಿತಳು.

ವರ್ಷಕ್ಕೊಮ್ಮೆ ಪರವಾನಗಿ ಹೊಸದು ಮಾಡಲು ಮಿಸೆಸ್ ರಿಜ್ವೇ ಬರುತ್ತಿದ್ದಳು. ಪರವಾನಗಿ ಸಿಕ್ಕ ಮರುವರ್ಷ ಬಂದವಳು ಅಭ್ಯಾಸದಂತೆ ಛತ್ರಿಯ ತುದಿಯಿಂದ ಕೊಪ್ಪರಿಗೆಯ ಮುಚ್ಚಳ ಎತ್ತಿದಳು. ಗುಂಡಿ, ಮೊಳೆ, ಚಿಂದಿ, ನೀಲಿ ದಾರ ಕುದಿಯಲ್ಲಿ ಕುಣಿಯುತ್ತಿದ್ದವು. ಮಿಸೆಸ್ ರಿಜ್ವೇ ಛತ್ರಿಯನ್ನು ಬದಿಗಿಟ್ಟಳು. ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಅಂದಿನ ಪ್ರಾರ್ಥನೆಯಲ್ಲಿ ನಿಂತಂತೆ ತಲೆ ಬಾಗಿಸಿ, ಸದ್ದಾಗದ ಹಾಗೆ ಮತ್ತೆ ಮುಚ್ಚಿದಳು.